ತೊಳೆದು ಕಳಿಸಿದ ದನಿ

ಹರಪನಹಳ್ಳಿ
೧೯ ಜೂನ್ ೨೦೨೪

ಶ್ರೀಮತಿ ಗಾದೆಮ್ಮ, ಕನ್ನಡ ಶಿಕ್ಷಕಿ, ಹಿರೇಹಡಗಲಿ, ಇವರಿಗೆ

ಮಾನ್ಯರೇ,

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ಶಿಕ್ಷಕರು ಕೂಡಿ ಕಟ್ಟುತ್ತಿರುವ ಪಾಠ ಭಂಡಾರಕ್ಕೆ ನೀವು ಮೇಲ್ ಮಾಡಿದ ‘ಕುರಿಗಾರರ ಕರೆ’ ಎಂಬ ಪಾಠ ತಲುಪಿದೆ. ವಂದನೆಗಳು. ಆದರೆ ಅದನ್ನು ಈಗಿರುವ ರೂಪದಲ್ಲಿ ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ತಿಳಿಸಲು ವಿಷಾದಿಸುತ್ತೇನೆ.

ಶಿಕ್ಷಕರು ತಾವೇ ತಯಾರಿಸಿದ ಪಾಠಗಳು ಇನ್ನು ಐವತ್ತು ವರ್ಷ ಕಳೆದರೂ ತೆರೆಯಬೇಕು ಎಂಬುದು ನಮ್ಮ ಉದ್ದೇಶ. ನಿಮ್ಮ ಬರಹ ಹಳೆಯ ಫಾಂಟಿನಲ್ಲಿದೆ. ಇಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಕಲಸುಮೇಲೋಗರವಾಗಿ ಕಾಣುತ್ತವೆ. ಸ್ಲೈಡುಗಳಲ್ಲಿ ಕುರಿಗಳು ಕುಣಿಯುತ್ತವೆ. ಆ ಕುಣಿತ ಒಂದೇ ಒಂದು ತಂತ್ರಾಂಶವನ್ನು ನಂಬಿಕೊಂಡಿದೆ, ನಾಳೆ ಅದು ಇಲ್ಲವಾದರೆ ಕುರಿಯೂ ಇಲ್ಲ. ಧ್ವನಿಯನ್ನು ವಾಟ್ಸಾಪಿನಲ್ಲಿ ಕಳಿಸುವುದಾಗಿ ಬರೆದಿದ್ದೀರಿ. ದಯವಿಟ್ಟು ಬೇಡ. ಅದು ಧ್ವನಿಯನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಒಮ್ಮೆ ಹಿಂಡಿ ಹೋದದ್ದು ಮತ್ತೆ ಬರುವುದಿಲ್ಲ.

ಆದ್ದರಿಂದ ಬರಹವನ್ನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿ, ಚಿತ್ರಗಳನ್ನು ಬಿಡಿಬಿಡಿಯಾಗಿ ತೆಗೆದು, ಧ್ವನಿಯ ಮೂಲವನ್ನು ಹಾಗೆಯೇ ಮೆಮರಿ ಕಾರ್ಡಿಗೆ ಹಾಕಿ ಅಂಚೆಯಲ್ಲಿ ಕಳಿಸಿ. ಜೊತೆಗೊಂದು ಪತ್ರವಿರಲಿ. ಧ್ವನಿಯನ್ನು ಹಿಂಡದ ವೇವ್ ಫೈಲಾಗಿ, ಬರಹವನ್ನು ಕಾಯ್ದಿಡುವ ಬಗೆಯ ಪಿಡಿಎಫ್ ಆಗಿ ನಾವು ಮಾಡಿಕೊಳ್ಳುತ್ತೇವೆ. ಕುಣಿತ ಬೇಡ.

ತಮ್ಮ ವಿಶ್ವಾಸಿ,
ವಾಣಿಶ್ರೀ
ಗಣಕ ಶಿಕ್ಷಕಿ, ಪಾಠ ಭಂಡಾರದ ಉಸ್ತುವಾರಿ


ಹಿರೇಹಡಗಲಿ
೨೯ ಜೂನ್ ೨೦೨೪

ಉಸ್ತುವಾರಿ ಮೇಡಂ ಅವರಿಗೆ,

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ‘ಕುಣಿತ ಬೇಡ’ ಎಂಬಲ್ಲಿಗೆ ಬಂದಾಗ ನಮ್ಮ ಹೆಡ್‌ಮಾಸ್ಟರ್ ಕೊಟ್ರಸ್ವಾಮಿ ಸರ್, “ಏನ್ರಿ ಗಾದೆಮ್ಮ ಮೇಡಂ, ನಿಮ್ಮ ಕುರಿಗೆ ನೋಟಿಸ್ ಬಂದೈತಲ್ರಿ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಆ ಕುರಿಗಳನ್ನು ಕುಣಿಸಲು ನಾನು ಇಡೀ ಒಂದು ಬೇಸಿಗೆ ರಜೆ ಸುರಿದಿದ್ದೇನೆ. ನನ್ನ ಎಂಟನೇ ತರಗತಿಯಲ್ಲಿ ಅರ್ಧಕ್ಕರ್ಧ ಕುರಿಗಾರರ ಮನೆಯ ಮಕ್ಕಳು. ಹೆಸರು ಕೇಳಿದರೆ ನೆಲ ನೋಡುವ ಮಕ್ಕಳು ಪರದೆಯ ಮೇಲೆ ಟಗರು ಹಿಂಗಾಲೆತ್ತಿ ಕುಣಿದ ಕೂಡಲೇ ಬೆಂಚು ಹತ್ತುತ್ತಾರೆ, ನಾನು ನೀನು ಎಂದು ತಮ್ಮ ಮನೆಯ ಕುರಿಯ ಕಥೆ ಹೇಳುತ್ತಾರೆ. ಮೊದಲು ಶಾಲೆಯ ಹಳೇ ಕಂಪ್ಯೂಟರಿನಲ್ಲಿ ಕುರಿ ಕುಣಿದಾಗಲೆಲ್ಲ ಫುರ್ರ್ರ್ ಎಂದು ಸದ್ದೂ ಬರುತ್ತಿತ್ತು. ಅದು ಕೆಟ್ಟು ಗುಜರಿಗೆ ಹೋಯಿತು, ಸದ್ದೂ ಅದರ ಜೊತೆಗೇ ಹೋಯಿತು. ಹೊಸ ಲ್ಯಾಪ್‌ಟಾಪಿನಲ್ಲಿ ಪಾಪ, ಮೂಕವಾಗಿ ಕುಣಿಯುತ್ತಿವೆ. ಈಗ ನೀವು ಅದನ್ನೂ ಬೇಡ ಎನ್ನುತ್ತೀರಿ. ನಿಂತ ಕುರಿಯನ್ನು ಮಕ್ಕಳು ಮನೆಯಲ್ಲೇ ನೋಡುತ್ತಾರೆ ಮೇಡಂ, ಅದಕ್ಕಾಗಿ ಶಾಲೆಗೆ ಯಾಕೆ ಬರಬೇಕು?

ಇರಲಿ. ಇಡೀ ಪಾಠವನ್ನು ಮತ್ತೆ ಟೈಪ್ ಮಾಡಿದ್ದೇನೆ. ನನ್ನ ಬೆರಳುಗಳು ನಿಮಗೆ ಹಿಡಿಶಾಪ ಹಾಕುತ್ತಿವೆ.

ಧ್ವನಿಯ ವಿಷಯದಲ್ಲಿ ಮಾತ್ರ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಈ ಕಾರ್ಡಿನಲ್ಲಿ ಇರುವವರು ನಮ್ಮೂರಿನ ಹಿರಿಯ ಕುರಿಗಾರರೊಬ್ಬರು. ಅಡವಿಯಲ್ಲಿ ಹಿಂಡು ಕರೆಯುವಾಗ ಯುಗಾದಿಯ ಹೊತ್ತಿಗೆ ರೆಕಾರ್ಡ್ ಮಾಡಿದ್ದು. ಆಮೇಲೆ ಅವರ ಗಂಟಲು ಕಟ್ಟಿದೆ. ಬಾಯಿಂದ ಒಂದು ಸದ್ದೂ ಹೊರಡಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಇನ್ನು ಮುಂದೆ ಆ ದನಿ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇನ್ನೊಮ್ಮೆ ಕೂಗಿಸಲು ಆಗುವುದಿಲ್ಲ, ಬೇರೆ ಪ್ರತಿಯೂ ಇಲ್ಲ. ಇರುವುದು ಇದೊಂದೇ, ಜೋಪಾನ.

ಗಾದೆಮ್ಮ


ಹರಪನಹಳ್ಳಿ
೧೨ ಜುಲೈ ೨೦೨೪

ಗಾದೆಮ್ಮ ಮೇಡಂ ಅವರಿಗೆ ನಮಸ್ಕಾರಗಳು.

ನನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿದಿರೆಂದು ತಿಳಿದು ಮುಖ ಮುಚ್ಚಿಕೊಂಡೆ. ನಾನು ಅಷ್ಟು ಬಿಗಿಯವಳಲ್ಲ ಮೇಡಂ. ಈ ಭಂಡಾರಕ್ಕೆ ಏನೇನು ಬರುತ್ತಿದೆ ಎಂದು ನೋಡಿದರೆ ನೀವೂ ನೋಟಿಸನ್ನೇ ಬರೆಯುತ್ತಿದ್ದಿರಿ. ಕೊಟ್ಟೂರಿನ ಸಮಾಜ ವಿಜ್ಞಾನದ ಸರ್ ಒಬ್ಬರು ಕಪ್ಪುಹಲಗೆಯ ಫೋಟೊ ತೆಗೆದು, ಆ ಫೋಟೊವನ್ನು ಅಂಕಪಟ್ಟಿ ಮಾಡುವ ಎಕ್ಸೆಲ್ ಹಾಳೆಯಲ್ಲಿ ಅಂಟಿಸಿ ಕಳಿಸಿದ್ದಾರೆ. ಕೂಡ್ಲಿಗಿಯ ಮೇಡಂ ತಮ್ಮ ಪಾಠ ಯಾರೂ ಕದಿಯಬಾರದೆಂದು ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ತಾವೇ ಮರೆತಿದ್ದಾರೆ. ಹಂಪಸಾಗರದಿಂದ ಒಂದು ಸಿಡಿ ಬಂತು, ಇರುವೆ ಹತ್ತದಿರಲಿ ಎಂದು ಸುತ್ತ ಅರಿಶಿನ ಹಚ್ಚಿತ್ತು.

ಐವತ್ತು ವರ್ಷದ ಹುಚ್ಚು ನನಗೆ ಯಾಕೆ ಹಿಡಿಯಿತು ಎಂದರೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಶಾಲೆಯ ಕಪಾಟಿನಲ್ಲಿ ಒಂದು ಡಬ್ಬಿ ತುಂಬ ಫ್ಲಾಪಿ ಸಿಕ್ಕಿದ್ದವು. ನಿವೃತ್ತರಾದ ಗಣಿತದ ಮೇಷ್ಟ್ರು ಹಗಲಿರುಳು ಕೂತು ಮಾಡಿದ ಪಾಠಗಳು. ತೆರೆಯುವ ಯಂತ್ರ ಐದು ತಾಲ್ಲೂಕಿನಲ್ಲಿ ಎಲ್ಲಿಯೂ ಸಿಗಲಿಲ್ಲ. ಈಗ ಸ್ಟಾಫ್ ರೂಮಿನಲ್ಲಿ ಅವುಗಳ ಮೇಲೆ ಚಹಾ ಲೋಟ ಇಡುತ್ತೇವೆ. ಪ್ರತಿ ಸಲ ಲೋಟ ಎತ್ತುವಾಗ ನನಗೆ ಸಂಕಟವಾಗುತ್ತದೆ.

ನಿಮ್ಮ ಧ್ವನಿಯ ಕೆಲಸ ಮುಗಿಯಿತು. ಅದರಲ್ಲಿ ಗಾಳಿ, ಗಂಟೆ ಸದ್ದು ಬಹಳವಿತ್ತು, ಮಾತು ಮಾತಿನ ನಡುವೆ ಫುರ್, ಬುರ್ ಎಂಬ ಗಲಾಟೆ ಬೇರೆ. ಮೈಕಿಗೆ ಉಸಿರು ಬಡಿದಿರಬೇಕು. ಎರಡು ದಿನ ಕೂತು ಒಂದೊಂದನ್ನೇ ಹೆಕ್ಕಿ ತೆಗೆದಿದ್ದೇನೆ. ಈಗ ಹಿರಿಯರ ಮಾತು ತಿಳಿನೀರಿನ ಹಾಗೆ ಕೇಳುತ್ತದೆ. ನಮ್ಮದು ಇಲ್ಲಿ ಕಿರಾಣಿ ಅಂಗಡಿಯ ಮನೆತನ. ನಮ್ಮವ್ವ ಬೇರೆಯವರ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗದೆ ವಾಪಸ್ ಕೊಟ್ಟವಳಲ್ಲ, ಖಾಲಿಯಾಗಿಯೂ ಕೊಟ್ಟವಳಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಾಳೆ. ನಾನೂ ನಿಮ್ಮ ಕಾರ್ಡನ್ನು ಪೂರ್ತಿ ಅಳಿಸಿ ತೊಳೆದು, ಈ ಹೊಸ ಧ್ವನಿಯನ್ನು ಅದರಲ್ಲಿ ತುಂಬಿ ಕಳಿಸಿದ್ದೇನೆ. ಸ್ವೀಕರಿಸಿ.

ನಿಮ್ಮ ಕವರಿಗೆ ಹಡಗಲಿ ಮಲ್ಲಿಗೆಯ ವಾಸನೆ ಇತ್ತು. ಅದನ್ನು ಮಾತ್ರ ತೊಳೆದಿಲ್ಲ.

ವಾಣಿಶ್ರೀ


ಹಿರೇಹಡಗಲಿ
೨೪ ಜುಲೈ ೨೦೨೪

ವಾಣಿಶ್ರೀ ಅವರೇ,

ಕಾರ್ಡು ಬಂತು. ಕೇಳಿದೆ. ಮೊದಲು ಕಾರ್ಡೇ ಅದಲುಬದಲಾಗಿದೆ ಅಂದುಕೊಂಡೆ.

“ಬಾರವ್ವಾ ಕೆಂಚಿ, ಬಾರೋ ಬೋಳಾ, ಹೊತ್ತಾತು ಬರ್ರಿ” ಎಂಬ ಮಾತುಗಳು ಇದ್ದವು, ನಿಜ. ರೇಡಿಯೊದಲ್ಲಿ ಹವಾಮಾನ ವರದಿ ಓದಿದ ಹಾಗೆ ಅಚ್ಚುಕಟ್ಟಾಗಿ ಇದ್ದವು. ಫುರ್ರ್ರ್ ಇರಲಿಲ್ಲ. ಒಂದೂ ಇರಲಿಲ್ಲ.

ಸಂಜೆ ಶಾಲೆಯ ಸ್ಪೀಕರ್ ಹೊತ್ತುಕೊಂಡು ಊರ ಹೊರಗಿನ ಬೀಳು ನೆಲಕ್ಕೆ ಹೋದೆ. ಅಲ್ಲಿ ನನ್ನ ತಮ್ಮ ಮೈಲಾರೇಶ್ ಕುರಿ ಮೇಯಿಸುತ್ತಿದ್ದ. “ಇದೇನಕ್ಕಾ, ಕುರಿ ಮುಂದ ಭಾಷಣ ಮಾಡಾಕ ಬಂದೀ ಏನು?” ಎಂದ. ಧ್ವನಿ ಹಚ್ಚಿದೆ. ಒಂದು ಕುರಿಯೂ ತಲೆ ಎತ್ತಲಿಲ್ಲ. ಇನ್ನಷ್ಟು ಜೋರು ಮಾಡಿದೆ. ಬೋಳ ಎಂಬ ಟಗರು ನನ್ನ ಕಡೆ ಒಮ್ಮೆ ನೋಡಿ, ಬೆನ್ನು ತಿರುಗಿಸಿ, ಹಿಕ್ಕೆ ಹಾಕಿತು. ಐವತ್ತು ವರ್ಷದ ಮಾತು ಬಿಡಿ, ನಿಮ್ಮ ಫೈಲು ಒಂದು ಸಂಜೆಯೂ ಬಾಳಲಿಲ್ಲ.

ನಾನು ಬೆರಳು ಸವೆಸಿ ಮತ್ತೆ ಟೈಪ್ ಮಾಡಿದ ಪಾಠವನ್ನು ನೀವು ಓದಿದ್ದೀರಾ, ಅಥವಾ ಅದರ ಫಾಂಟ್ ಮಾತ್ರ ನೋಡಿದಿರಾ? ಅಲ್ಲಿ ಬರೆದಿದ್ದೇನೆ: ಮಾತು ಇರುವುದು ಕರೆಯುವವನ ಸಂತೋಷಕ್ಕೆ, ಕುರಿಗೆ ಬೇಕಾದದ್ದು ಫುರ್ರ್ರ್. ಅದು ಒಬ್ಬೊಬ್ಬ ಕುರಿಗಾರನದು ಒಂದೊಂದು ತರಹ. ಎಷ್ಟೋ ಹಿಂಡು ಒಂದೇ ಕೆರೆಗೆ ನೀರಿಗೆ ಇಳಿದು ಕಲೆತು ಹೋದರೂ, ತಮ್ಮವನ ಫುರ್ರ್ರ್ ಕೇಳಿದ ಕುರಿ ಬೇರೆಯಾಗಿ ಅವನ ಹಿಂದೆ ಬರುತ್ತದೆ. ಪಾಠ ಎಂದರೆ ಇಷ್ಟೇ. ಅದನ್ನೇ ನೀವು ಗಲಾಟೆ ಎಂದು ಹೆಕ್ಕಿ ಚೆಲ್ಲಿದ್ದೀರಿ.

ಇನ್ನೊಂದು ಮಾತು. ಟೀಚರಮ್ಮ ತನ್ನ ಮನೆಯವರನ್ನೇ ಪಾಠಕ್ಕೆ ಹಾಕಿದಳು ಎನ್ನುತ್ತೀರೆಂದು ಸಂಕೋಚಪಟ್ಟು ಹೇಳಿರಲಿಲ್ಲ. ಆ ಹಿರಿಯ ಕುರಿಗಾರರು ದೊಡ್ಡಬೀರಪ್ಪ, ನನ್ನ ಅಪ್ಪ. ಗಂಟಲಿನಲ್ಲಿ ಗಂಟಾಗಿದೆ. ಬರುವ ತಿಂಗಳು ದಾವಣಗೆರೆಯಲ್ಲಿ ಆಪರೇಷನ್. ಜೀವಕ್ಕೆ ಭಯವಿಲ್ಲ, ದನಿಯ ಬಗ್ಗೆ ಮಾತ್ರ ಏನೂ ಹೇಳಲಾಗದು ಎಂದಿದ್ದಾರೆ. ಅಪ್ಪ ಕುರಿ ಕರೆಯುವುದನ್ನು ನಾನು ತೊಟ್ಟಿಲಲ್ಲಿ ಇದ್ದಾಗಿನಿಂದ ಕೇಳಿದ್ದೇನೆ. ಅದು ಇಲ್ಲದ ಸಂಜೆ ಹೇಗಿರುತ್ತದೆ ಎಂದು ಈ ಎರಡು ತಿಂಗಳಿಂದ ಗೊತ್ತಾಗುತ್ತಿದೆ. ನನಗೆ ಅದು ಬೇಕು.

ಮೂಲ ಇದೆಯೇ? ಇದೆ ಎಂದು ಒಂದು ಸಾಲು ಬರೆಯಿರಿ, ಬೈದದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ.

ಗಾದೆಮ್ಮ


ಹರಪನಹಳ್ಳಿ
೩೦ ಜುಲೈ ೨೦೨೪

ಅಕ್ಕಾ,

ಮೇಡಂ ಎಂದು ಬರೆಯಲು ಕೈ ಬರುತ್ತಿಲ್ಲ.

ಮೂಲ ಇಲ್ಲ. ಕಂಪ್ಯೂಟರಿಗೆ ಹಾಕಿಕೊಂಡದ್ದರ ಮೇಲೆಯೇ ಕೆಲಸ ಮಾಡಿ ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಕಾರ್ಡನ್ನು ಅಳಿಸಿದೆ. ಊರಿಗೆಲ್ಲ ಜೋಪಾನದ ಪಾಠ ಹೇಳುವವಳು ನಾನು. ಅಳಿಸಿದ್ದನ್ನು ಮರಳಿ ತೆಗೆಯುವ ದಾರಿಗಳನ್ನೆಲ್ಲ ನಮ್ಮ ಕಂಪ್ಯೂಟರಿನಲ್ಲಿ ಪ್ರಯತ್ನಿಸಿದೆ, ಅದರ ಡಿಸ್ಕನ್ನು ದಾವಣಗೆರೆಯಲ್ಲಿ ಅದೇ ಕೆಲಸ ಮಾಡುವವರಿಗೂ ಕೊಟ್ಟು ನೋಡಿದೆ. ತೊಳೆದ ದನಿಯೇ ಮತ್ತೆ ಮತ್ತೆ ಬರುತ್ತದೆ.

ಪಾಠವನ್ನು ಈಗ ಓದಿದೆ. ಮೊದಲು ಓದಿರಲಿಲ್ಲ. ಇಷ್ಟು ಚೆನ್ನಾಗಿ ಬರೆದ ಪಾಠ ನಮ್ಮ ಭಂಡಾರದಲ್ಲಿ ಬೇರೆ ಇಲ್ಲ.

ನನ್ನನ್ನು ಇನ್ನೂ ಬೈಯಿರಿ. ಆದರೆ ಉತ್ತರ ಬರೆಯದೆ ಇರಬೇಡಿ. ನಾನು ಇನ್ನೂ ಹುಡುಕುತ್ತಿದ್ದೇನೆ.

ವಾಣಿ


ಹರಪನಹಳ್ಳಿ
೧೦ ಆಗಸ್ಟ್ ೨೦೨೪

ಅಕ್ಕಾ ಅಕ್ಕಾ,

ನೀವು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಒಳ್ಳೆಯದಾಯಿತು. ಹೊಸ ಪತ್ರ ಬಾರದ ಕಾರಣ ನಿಮ್ಮ ಹಳೆಯ ಪತ್ರಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ಪೆಟ್ಟು ಬಿದ್ದ ಜಾಗವನ್ನೇ ಮುಟ್ಟಿ ಮುಟ್ಟಿ ನೋಡುತ್ತೇವಲ್ಲ, ಹಾಗೆ. ‘ಹಳೇ ಕಂಪ್ಯೂಟರಿನಲ್ಲಿ ಕುರಿ ಕುಣಿದಾಗಲೆಲ್ಲ ಫುರ್ರ್ರ್ ಎಂದು ಸದ್ದೂ ಬರುತ್ತಿತ್ತು’ ಎಂಬಲ್ಲಿ ನಿಂತೆ. ಸದ್ದು ಕಂಪ್ಯೂಟರಿನ ಜೊತೆ ಗುಜರಿಗೆ ಹೋಯಿತು ಎಂದು ನೀವು ಬರೆದಿದ್ದೀರಿ. ಕಂಪ್ಯೂಟರಿಗೆ ಕುರಿ ಕರೆಯಲು ಯಾರು ಕಲಿಸಿದರು? ಆ ಸದ್ದನ್ನು ನೀವೇ ಎಲ್ಲಿಂದಲೋ ತಂದು ಸ್ಲೈಡಿಗೆ ಹಾಕಿರಲೇಬೇಕಲ್ಲ!

ನಾನು ಬೇಡವೆಂದು ತಳ್ಳಿದ್ದ ಆ ಕುಣಿಯುವ ಕುರಿಗಳ ಫೈಲನ್ನು ತೆಗೆದು ಸೀಳಿ ಒಳಗೆ ನೋಡಿದೆ. ಆ ಕಾಲದ ತಂತ್ರಾಂಶಕ್ಕೆ ಒಂದು ಅಭ್ಯಾಸವಿತ್ತು, ಸಣ್ಣಪುಟ್ಟ ಸದ್ದುಗಳನ್ನು ಹಿಂಡದೆ ಇಡಿಯಾಗಿ ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತಿತ್ತು. ಹೊಸ ತಂತ್ರಾಂಶಗಳಿಗೆ ಅದು ಕೇಳಿಸುವುದಿಲ್ಲ, ಅದಕ್ಕೇ ನಿಮ್ಮ ಕುರಿಗಳು ಮೂಕವಾದದ್ದು. ಒಂದೊಂದು ಕುರಿಯ ಹಿಂದೆ ಒಂದೊಂದು ಫುರ್ರ್ರ್ ಇದೆ ಅಕ್ಕಾ. ಎಲ್ಲವೂ ವೇವ್. ನಾನು ಊರಿಗೆಲ್ಲ ಯಾವ ಬಗೆಯ ಫೈಲು ಕಳಿಸಿ ಎಂದು ಗೋಗರೆಯುತ್ತಿದ್ದೆನೋ ಅದೇ ಬಗೆ. ಅದೂ ನಿಮ್ಮ ತಂದೆಯವರ ಗಂಟಲು ಗಟ್ಟಿಯಿದ್ದ ಕಾಲದ್ದು.

ಅಲ್ಲಿ ಮಾತಿಲ್ಲದ ಫುರ್ರ್ರ್, ನನ್ನ ಹತ್ತಿರ ಫುರ್ರ್ರ್ ಇಲ್ಲದ ಮಾತು. ಎರಡನ್ನೂ ಜೋಡಿಸಿ ಒಂದು ಫೈಲು ಮಾಡಿದ್ದೇನೆ. ಜೊತೆಗಿರುವ ಹೊಸ ಕಾರ್ಡಿನಲ್ಲಿ ಅದನ್ನೂ, ಬಿಡಿಬಿಡಿಯಾಗಿಯೂ ಹಾಕಿದ್ದೇನೆ. ಎಲ್ಲಿ ಜೋಡಿಸಬೇಕೆಂದು ನನಗೆ ತಿಳಿಯದ ಕಡೆ ನಿಮ್ಮ ಪಾಠ ನೋಡಿ ಜೋಡಿಸಿದೆ. ತಪ್ಪಿದ್ದರೆ ಕುರಿಗಳೇ ಹೇಳಲಿ.

ಜೋರಾಗಿ ಹಚ್ಚಿದಾಗ ನಮ್ಮ ಶಾಲೆಯ ಗೋಡೆಯ ಮೇಲಿನ ಪೋಸ್ಟರ್ ತಿನ್ನುತ್ತಿದ್ದ ಎರಡು ಆಡು ನಿಂತು ಕೇಳಿದವು. ಆಮೇಲೆ ಮತ್ತೆ ತಿನ್ನತೊಡಗಿದವು. ಅವು ನಿಮ್ಮ ತಂದೆಯವರ ಹಿಂಡಿನವಲ್ಲವಲ್ಲ. ನಾನು ಮಾತ್ರ ಅತ್ತೆ. ಸಂತೋಷಕ್ಕೆ ಅತ್ತೆ.

ವಾಣಿ


ದಾವಣಗೆರೆ
೧೯ ಆಗಸ್ಟ್ ೨೦೨೪

ವಾಣಿ,

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಪ್ಪನ ಆಪರೇಷನ್.

ನಿನ್ನ ಕಾರ್ಡು ನಾವು ಹೊರಡುವ ಹಿಂದಿನ ದಿನ ಸಿಕ್ಕಿತು. ಚೀಲ ತುಂಬುವುದನ್ನು ಅಷ್ಟಕ್ಕೇ ಬಿಟ್ಟು ಸ್ಪೀಕರ್ ಹೊತ್ತುಕೊಂಡು ಬೀಳಿಗೆ ಹೋದೆ. ಅಪ್ಪನೂ ಬಂದ, ಹುಣಸೆಮರದ ಕೆಳಗೆ ಕಂಬಳಿ ಹಾಸಿ ಕೂತ. ಕುರಿಗಳು ದೂರದ ದಿಬ್ಬದ ಮೇಲಿದ್ದವು. ಹಚ್ಚಿದೆ ನೋಡು. ಕೆಂಚಿ ಮೊದಲು ಕಿವಿ ಎತ್ತಿತು. ಆಮೇಲೆ ಬೋಳ. ಆಮೇಲೆ ಇಡೀ ದಿಬ್ಬವೇ ಎದ್ದು ಬಂದ ಹಾಗೆ ಬಂದವು ವಾಣಿ, ಧೂಳೆಬ್ಬಿಸಿಕೊಂಡು, ಮರಿಗಳೂ ಬಿದ್ದು ಎದ್ದು. ಸ್ಪೀಕರಿನ ಸುತ್ತ ನಿಂತು ಮೂಸಿದವು. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ಮೈಲಾರೇಶ್ ಸಿಳ್ಳೆ ಹೊಡೆದ.

ಅಪ್ಪನೂ ನಕ್ಕ. ಸದ್ದಿಲ್ಲದೆ, ಹೆಗಲು ಕುಣಿಸಿಕೊಂಡು. ಬಹಳ ಖುಷಿಯಾಯಿತು ಅವನಿಗೆ.

ನಿನ್ನನ್ನು ಬೈದದ್ದನ್ನು ಪೂರ್ತಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಅರ್ಧ ತೆಗೆದುಕೊಂಡಿದ್ದೇನೆ. ಉಳಿದರ್ಧ ನೀನು ನಮ್ಮ ಮನೆಗೆ ಬಂದು ರೊಟ್ಟಿ ತಿಂದ ಮೇಲೆ. ಅವ್ವ ಉಚ್ಚಂಗೆಮ್ಮ ನಿನ್ನ ಸುದ್ದಿ ಕೇಳಿ, “ಆ ಹುಡುಗಿ ಪಾತ್ರಿ ಬೆಳಗೋದ್ರಾಗ ಬಾಳ ಹುಷಾರ ಅದಾಳಂತಲ್ಲ, ನಮ್ಮನಿಗೆ ಕಳಸು ಅನ್ನು” ಎಂದಳು.

ನಾಳೆ ಹೇಗಾಯಿತೆಂದು ಬರೆಯುತ್ತೇನೆ.

ನಿನ್ನ ಅಕ್ಕ,
ಗಾದೆಮ್ಮ


ಹರಪನಹಳ್ಳಿ
೨೨ ಸೆಪ್ಟೆಂಬರ್ ೨೦೨೪

ಅಕ್ಕಾ,

ಒಂದು ತಿಂಗಳು ದಾಟಿತು. ಫೋನ್ ಕೈಗೆತ್ತಿಕೊಳ್ಳುತ್ತೇನೆ, ಕೆಳಗಿಡುತ್ತೇನೆ. ಬೇಡದ ಮಾತು ಕಿವಿಗೆ ಬಿದ್ದರೆ ಎಂದು ಭಯ. ಆದ್ದರಿಂದ ನಾನು ಏನನ್ನೂ ಕೇಳುವುದಿಲ್ಲ, ನನ್ನ ಸುದ್ದಿ ಹೇಳುತ್ತೇನೆ.

ಭಂಡಾರದ ನಿಯಮ ಬದಲಾಯಿತು. ಬಂದದ್ದು ಯಾವ ವೇಷದಲ್ಲಿಯೇ ಬರಲಿ, ಮೊದಲು ಅದನ್ನು ಬಂದ ಹಾಗೆಯೇ ಒಂದು ಪ್ರತಿ ಇಡುವುದು. ಯಾರೂ ಅದರ ಮೇಲೆ ಕೈ ಹಚ್ಚುವ ಹಾಗಿಲ್ಲ, ಮುಖ್ಯವಾಗಿ ನಾನು. ಆಮೇಲೆಯೇ ಪಿಡಿಎಫ್, ವೇವ್ ಇತ್ಯಾದಿ. ಸಭೆಯಲ್ಲಿ ಚಿಗಟೇರಿಯ ಅರುಣಕುಮಾರ್ ಸರ್ ಎದ್ದು, “ಕುಣಿತ ಏನು ಮಾಡಾದು ಮೇಡಂ?” ಎಂದು ಕೇಳಿದರು. ಕುಣಿಯುವುದನ್ನು ವಿಡಿಯೊ ತೆಗೆದು ಅದನ್ನೂ ಇಡೋಣ ಎಂದೆ, ಬರೀ ಪರದೆಯದಲ್ಲ, ಪರದೆ ನೋಡುವ ಮಕ್ಕಳದ್ದೂ ಸೇರಿಸಿ. ಯಾಕೆಂದರೆ ಕುರಿ ಕುಣಿದರೆ ಅರ್ಧ ಪಾಠ, ಮಕ್ಕಳು ಬೆಂಚು ಹತ್ತಿದರೆ ಪೂರ್ತಿ ಪಾಠ. ಈ ಮಾತನ್ನು ನಿಮ್ಮ ಪತ್ರದಿಂದ ಕದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಿಮ್ಮ ತಂದೆಯವರ ಫುರ್ರ್ರ್ ಈಗ ಭಂಡಾರದಲ್ಲಿದೆ. ಒಂದು ಪ್ರತಿ ಇಲ್ಲಿ, ಒಂದು ಕೂಡ್ಲಿಗಿಯಲ್ಲಿ, ಒಂದು ಹಗರಿಬೊಮ್ಮನಹಳ್ಳಿಯಲ್ಲಿ. ಅದಕ್ಕೆ ಇನ್ನು ಏನೂ ಆಗುವುದಿಲ್ಲ ಎಂದು ಅವರಿಗೆ ಹೇಳಿ.

ಹೇಳುವ ಹಾಗಿದ್ದರೆ ಹೇಳಿ.

ವಾಣಿ


ಹಿರೇಹಡಗಲಿ
೨೯ ಸೆಪ್ಟೆಂಬರ್ ೨೦೨೪

ನನ್ನ ಪ್ರೀತಿಯ ವಾಣಿ,

ಹೆದರಬೇಡ. ಅಪ್ಪ ಗುಂಡುಕಲ್ಲಿನಂತೆ ಇದ್ದಾನೆ. ಗಂಟು ತೆಗೆದರು, ಕೆಟ್ಟದ್ದಲ್ಲ ಎಂದು ರಿಪೋರ್ಟೂ ಬಂತು. ಬರೆಯದೆ ಇದ್ದದ್ದಕ್ಕೆ ಕಾರಣ ಬೇರೆ.

ದನಿ ಹೋಯಿತು. ಪೂರ್ತಿ ಅಲ್ಲ, ಒಣಗಿದ ಎಲೆಯ ಮೇಲೆ ಕಾಲಿಟ್ಟ ಹಾಗೆ ಸರಸರ ಎನ್ನುವ ಒಂದು ಪಿಸುದನಿ ಉಳಿದಿದೆ. ಕೂಗುವಂತಿಲ್ಲ, ಇನ್ನು ಎಂದಿಗೂ ಇಲ್ಲ. ಮನೆಗೆ ಬಂದ ಮೇಲೆ ಅಪ್ಪ ಕುರಿಯ ಕಡೆ ಹೋಗಲೇ ಇಲ್ಲ. ಕುರಿ ಕೂಡುವ ರೊಪ್ಪದ ಬಾಗಿಲಿಗೂ ಹೋಗಲಿಲ್ಲ. ನಿನ್ನ ಕಾರ್ಡು ಮತ್ತು ಸ್ಪೀಕರನ್ನು ಮೈಲಾರೇಶನಿಗೆ ಕೊಟ್ಟಿದ್ದೆ, ಅವನು ಗುಂಡಿ ಒತ್ತಿ ಹಿಂಡು ಕೂಡಿಸುತ್ತಿದ್ದ. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಅಪ್ಪ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದ: “ಅವತ್ತು ಕುರಿ ಬಂದ್ವಲ್ಲವ್ವಾ, ನನ್ನ ಹತ್ರ ಬರಲಿಲ್ಲ. ನಾ ಅಲ್ಲೇ ಕುಂತಿದ್ದೆ. ಡಬ್ಬಿ ಹತ್ರ ಹೋದ್ವು. ಕರಿಯಾಕ ಬರಲಾರದವ ಹಿಂಡಿನಾಗ ಯಾಕ ಬೇಕು?”

ಅವತ್ತು ಅವನು ಸದ್ದಿಲ್ಲದೆ ನಕ್ಕದ್ದು ಖುಷಿಗೆ ಎಂದು ನಿನಗೆ ಬರೆದಿದ್ದೆ. ಅರ್ಥವಾಗಿರಲಿಲ್ಲ ನನಗೆ. ಇದನ್ನು ನಿನಗೆ ಹೇಗೆ ಬರೆಯಲಿ? ನೀನು ಅಷ್ಟು ಕಷ್ಟಪಟ್ಟು ದನಿ ಹುಡುಕಿ ಕೊಟ್ಟಿದ್ದೀಯ, ಅದು ನಮ್ಮಪ್ಪನನ್ನು ಮನೆಯಲ್ಲಿ ಕೂರಿಸಿತು ಎಂದು ಬರೆಯಲು ಮನಸ್ಸಾಗಲಿಲ್ಲ.

ಈಗ ನಿನ್ನೆ ನಡೆದದ್ದನ್ನು ಕೇಳು.

ಅವ್ವ ಬುತ್ತಿ ಕಟ್ಟಿಕೊಂಡು ಅಪ್ಪನನ್ನು ಒತ್ತಾಯ ಮಾಡಿ ಬೀಳಿಗೆ ಎಬ್ಬಿಸಿಕೊಂಡು ಬಂದಿದ್ದಳು, ಕಾಲಾಡಿಸಿದ ಹಾಗಾಗಲಿ ಎಂದು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನೂ ಹೋಗಿದ್ದೆ. ಬೀಳಿನ ಪಕ್ಕದಲ್ಲಿ ಪಾಲಯ್ಯನವರ ಮೆಕ್ಕೆಜೋಳ, ತೆನೆ ಬಲಿತು ನಿಂತಿದೆ. ನಾವು ಬುತ್ತಿ ಬಿಚ್ಚುವಷ್ಟರಲ್ಲಿ ಬೋಳ ಬೇಲಿಯ ಸಂದು ಹುಡುಕಿಕೊಂಡ. ಬೋಳ ನುಗ್ಗಿದರೆ ಮುಗಿಯಿತು, ಹಿಂದೆ ಸಾಲಾಗಿ ಎಲ್ಲವೂ ಒಳಗೆ. ಮೈಲಾರೇಶ್ ಸ್ಪೀಕರಿನ ಗುಂಡಿ ಒತ್ತಿದ. ಚಾರ್ಜಿಲ್ಲ! ಹೊಡೆದ, ತಟ್ಟಿದ, ಅಲ್ಲಾಡಿಸಿದ, ಜಪ್ಪಯ್ಯ ಎಂದರೂ ಸದ್ದು ಮಾಡಲಿಲ್ಲ. ಬಾಯಿಯಿಂದಲೇ ಕೂಗಿದ, ಅವನ ಕೂಗಿಗೆ ಯಾವ ಕುರಿ ಬರುತ್ತದೆ? ಆ ಕಡೆಯಿಂದ ಪಾಲಯ್ಯ ಬಡಿಗೆ ಹಿಡಿದುಕೊಂಡು, “ಲೇ ಮೈಲಾರ್ಯಾ, ನಿನ್ನ ಕುರಿ ನನ್ನ ಜ್ವಾಳ ಎಲ್ಲಾ ಖಾಲಿ ಮಾಡ್ತಾವಲೇ!” ಎಂದು ಓಡಿ ಬರುತ್ತಿದ್ದರು.

ಅಪ್ಪ ತಡೆಯಲಾರದೆ ಎದ್ದ. ಬದುವಿನ ಮೇಲೆ ನಿಂತು, ಎದೆ ತುಂಬ ಉಸಿರು ಎಳೆದುಕೊಂಡು, ಕೂಗಲು ಬಾಯಿ ತೆಗೆದ. ಅವ್ವ ಕಿರುಚಿದಳು: “ಬಾಯಿ ಮುಚ್ಚು! ಡಾಕ್ಟರ್ ಏನ್ ಹೇಳ್ಯಾರ? ಬಾಯಿ ಮುಚ್ಚು ನೀನು!”

ಮದುವೆಯಾದಾಗಿನಿಂದ ಆ ಮಾತಿಗೆ ಹೆದರುವವನು, ಟಕ್ಕನೆ ಬಾಯಿ ಮುಚ್ಚಿದ. ಎಳೆದುಕೊಂಡ ಉಸಿರು ಎಲ್ಲಿಗೆ ಹೋಗಬೇಕು? ಮುಚ್ಚಿದ ತುಟಿಯನ್ನು ತಳ್ಳಿಕೊಂಡು ಹೊರಗೆ ಬಂತು.

ಫುರ್ರ್ರ್ರ್ರ್.

ಮೆಕ್ಕೆಜೋಳ ಒಮ್ಮೆ ಸುಮ್ಮನಾಯಿತು. ಆಮೇಲೆ ಒಳಗಿನಿಂದ ಅಲೆ ಎದ್ದ ಹಾಗೆ ದಂಟು ಅಲ್ಲಾಡಿಕೊಂಡು ಬಂತು. ಕೆಂಚಿ ಹೊರಗೆ ಹಾರಿತು. ಬೋಳ ಬಾಯಲ್ಲಿ ಒಂದು ಎಲೆ ಕಚ್ಚಿಕೊಂಡೇ ಬಂದ. ಎಲ್ಲವೂ ಬಂದವು ವಾಣಿ, ಒಂದೂ ತಪ್ಪದೆ, ಅಪ್ಪನ ಮೊಣಕಾಲಿಗೆ ಮುಖ ಒರೆಸಿಕೊಂಡು ನಿಂತವು. ಅಪ್ಪ ತನ್ನ ತುಟಿಯನ್ನು ತಾನೇ ಮುಟ್ಟಿ ನೋಡಿಕೊಂಡ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಮತ್ತ ಇಷ್ಟ ದಿನ ಯಾಕ ಸುಮ್ನ ಕುಂತಿದ್ದಿ?” ಎಂದು ಅದಕ್ಕೂ ಬೈದಳು. ಪಾಲಯ್ಯ ಬಡಿಗೆ ಕೆಳಗಿಟ್ಟು, “ಆತು ಬಿಡೋ ಬೀರಪ್ಪ, ಇವತ್ತಿನ ಜ್ವಾಳ ನಿನಗ ಖುಷಿಗೆ ಕೊಟ್ಟಂಗಾತು” ಎಂದರು.

ಕುರಿ ಕರೆಯುವುದು ಎಂದರೆ ಗಂಟಲು ಎಂದು ನಾವೆಲ್ಲ ನಂಬಿಕೊಂಡಿದ್ದೆವು, ಅಪ್ಪನೂ. ಮಾತು ಮತ್ತು ಫುರ್ರ್ರ್ ಅವನ ಬಾಯಲ್ಲಿ ಯಾವತ್ತೂ ಬೇರೆ ಬೇರೆ ಬಂದದ್ದೇ ಇಲ್ಲ. ಒಂದು ಸದ್ದೂ ಹೊರಡಬಾರದು ಎಂದಾಗ ಎರಡನ್ನೂ ಒಟ್ಟಿಗೇ ಬಿಟ್ಟುಬಿಟ್ಟ. ಡಾಕ್ಟರಿಗೆ ಫೋನ್ ಮಾಡಿ, ಆ ಸದ್ದನ್ನು ನಾನೇ ಮಾಡಿ ತೋರಿಸಿ ಕೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಅದು ಬರೀ ಉಸಿರು ಮತ್ತು ತುಟಿಯ ಕೆಲಸವಂತೆ, ಗಂಟಲಿಗೆ ಅದರ ಗೊಡವೆಯೇ ಇಲ್ಲವಂತೆ, ಈಗ ಗಾಯ ಮಾಗಿದೆ, ಎಷ್ಟು ಬೇಕಾದರೂ ಮಾಡಿಕೊಳ್ಳಲಿ ಎಂದರು. ಅಪ್ಪನಿಗೆ ಹೇಳಿದೆ. ಅವನು ಪಿಸುಗುಟ್ಟಿದ: “ಗಂಟ್ಲಾಗ ಏನೂ ಇರಲಿಲ್ಲವ್ವಾ. ಎಲ್ಲಾ ತುಟ್ಯಾಗ ಐತಿ.”

ನೀನು ಬರಲೇಬೇಕು. ದಸರಾ ರಜೆ ಹತ್ತಿರವಿದೆ. ರೊಟ್ಟಿ, ಪುಂಡಿಪಲ್ಯ, ಮಲ್ಲಿಗೆ ಎಲ್ಲವೂ ಇದೆ. ಇವತ್ತು ಬೆಳಗಿನಿಂದ ಅಪ್ಪ ಹಿಂಡಿನ ಜೊತೆಗೇ ಇದ್ದಾನೆ. ನಾನು ಇದನ್ನು ಅದೇ ಹುಣಸೆಮರದ ಕೆಳಗೆ ಕೂತು ಬರೆಯುತ್ತಿದ್ದೇನೆ, ಮುಂದೆಯೇ ಕಾಣುತ್ತಿದ್ದಾನೆ. ಕೆಲಸವೇನೂ ಇಲ್ಲ, ಆದರೂ ಸುಮ್ಮಸುಮ್ಮನೆ ಕರೆಯುತ್ತಾನೆ. ಕುರಿಗಳು ಮೇಯುವುದನ್ನು ಬಿಟ್ಟು ಓಡಿ ಬರುತ್ತವೆ, ಅವನ ಮುಖ ನೋಡುತ್ತವೆ, ಏನೂ ಇಲ್ಲವೆಂದು ತಿಳಿದು ವಾಪಸ್ ಹೋಗುತ್ತವೆ. ಅವು ದಿಬ್ಬ ಹತ್ತುವಷ್ಟರಲ್ಲಿ ಮತ್ತೆ ಕರೆಯುತ್ತಾನೆ. ಮತ್ತೆ ಬರುತ್ತವೆ.

ನಿನ್ನ ಅಕ್ಕ,
ಗಾದೆಮ್ಮ